ಎರಡು ಓಣಿಯ ಬನ್ನಿ

ಪಂಚಾಯ್ತಿ ಗೋಡೆಗೆ ಆಗಷ್ಟೇ ಹಚ್ಚಿದ್ದ ನೋಟೀಸಿನಿಂದ ಮೈದಾ ಅಂಟಿನ ಹಸಿ ವಾಸನೆ ಬರುತ್ತಿತ್ತು. ಈ ಸಲವೂ ದಸರೆಗೆ ಬನ್ನಿ ಮುರಿಯಲು ಮೇಲಿನ ಓಣಿಯವರಿಗೆ ನಾಲ್ಕು ಗಂಟೆ, ಕೆಳಗಿನ ಓಣಿಯವರಿಗೆ ಆರು ಗಂಟೆ. ಓದುತ್ತಿದ್ದಂತೆ ಸಿಟ್ಟು ನೆತ್ತಿಗೇರಿತು. ಅದರ ಹಿಂದೆಯೇ ಆಯಿ ನೆನಪಾದಳು...

ಸ್ವಂತ ಅಜ್ಜಿಯಲ್ಲ, ಪಕ್ಕದ ಮನೆಯವಳು. ನವಲಿ ಕಡೆಯ ನಮ್ಮೂರಲ್ಲಿ ಕಾಲುವೆ ನೀರಿನ ಸರದಿಗಾಗಿ ಎರಡೂ ಓಣಿಯವರು ಬಡಿದಾಡಿಕೊಂಡಾಗ ಆಕೆಯ ಮಗನ ಬಲಗೈ ಮುರಿಯಿತು. ಎಷ್ಟು ದವಾಖಾನೆ ತಿರುಗಿದರೂ ಅದು ನೆಟ್ಟಗಾಗಲಿಲ್ಲ. ಬಡಿಗೆ ಬೀಸಿದವನು ಕೆಳಗಿನ ಓಣಿಯ ಟ್ರ್ಯಾಕ್ಟರಿನವ. ಕೇಸಾಯಿತು. ಠಾಣೆಯಲ್ಲಿ ಶಾಂತಿ ಸಭೆಯೂ ಆಯಿತು. ಎಲ್ಲರೂ ಸಹಿ ಹಾಕಿ, ಹೊರಗೆ ಬಂದು, ಒಬ್ಬರ ಮುಖ ಒಬ್ಬರು ನೋಡದೆ ಬಸ್ಸು ಹತ್ತಿದರು. ಠಾಣೆಯವರು ಬನ್ನಿಗೆ ಎರಡು ಹೊತ್ತು ಗೊತ್ತು ಮಾಡಿದ್ದು ಆಮೇಲೆಯೇ.

ಬನ್ನಿ ಎಂದರೆ ನಮ್ಮಲ್ಲಿ ಮುನಿಸು ಬಿಡುವ ದಿನ. ಸಣ್ಣವರು ದೊಡ್ಡವರ ಕೈಗೆ ಎಲೆ ಕೊಟ್ಟು, ಕಾಲು ಮುಟ್ಟಿ, ಬಂಗಾರದಂಗ ಇರೋಣು ಅನ್ನುತ್ತಾರೆ. ಕೊಟ್ಟ ಬನ್ನಿಯನ್ನು ಯಾರೂ ಒಲ್ಲೆ ಅನ್ನುವಂತಿಲ್ಲ. ಎರಡು ವರ್ಷ ನಾವು ನಮ್ಮ ನಮ್ಮವರಿಗೇ ಕೊಟ್ಟುಕೊಂಡು ಬಂದೆವು. ಎಂಥ ನಾಚಿಕೆಗೇಡು! ಮನೆಯವರ ಜೊತೆ ಯಾರಿಗೆ ಜಗಳವಿತ್ತು?

ಮೂರನೇ ವರ್ಷ ನಮ್ಮ ಮೇಲಿನ ಓಣಿಯವರೆಲ್ಲ ಬನ್ನಿ ಮುರಿದುಕೊಂಡು ಹೊರಟರೂ ಆಯಿ ಗಿಡದ ಕಟ್ಟೆ ಬಿಟ್ಟು ಏಳಲಿಲ್ಲ. ನಾನೂ ನಿಂತೆ.

"ಆಯಿ, ನಿಮ್ಮ ಟೈಮ್ ಮುಗೀತು, ನಡೀರಿ ಮನಿಗೆ," ಅಂದ ಕಾವಲಿಗೆ ನಿಂತಿದ್ದ ಪೊಲೀಸಿನವ.

"ನಿಜಾಮನ ಹುಕುಂ ಮುಗದು ಎಷ್ಟು ವರ್ಷಾತಪ್ಪಾ? ಇನ್ನೂ ಹುಕುಂ ಕೇಳಿ ಹಬ್ಬ ಮಾಡಬೇಕೇನು ನಾವು? ಎಳಕೊಂಡು ಹೋಗಂಗಿದ್ರ ಹೋಗು."

ಅವನು ಆಚೆ ಸರಿದು ನಿಂತ. ಆರಕ್ಕೆ ಕೆಳಗಿನ ಓಣಿಯವರು ಬಂದರು. ಆಯಿ ಎದ್ದು ನೆಟ್ಟಗೆ ಟ್ರ್ಯಾಕ್ಟರಿನವನ ಮುಂದೆ ಹೋಗಿ ನಿಂತು ಬನ್ನಿ ಚಾಚಿದಳು. ದೊಡ್ಡವರು ತಾವಾಗಿ ಸಣ್ಣವರ ಹತ್ತಿರ ಹೋಗುವ ಪದ್ಧತಿಯೇ ಇಲ್ಲ. ಅವನು ತಲೆ ತಗ್ಗಿಸಿದ; ಕೈ ಮುಂದೆ ಬರಲಿಲ್ಲ. ಆಯಿ ಚಾಚಿದ ಕೈ ಹಿಂದೆ ತೆಗೆಯಲಿಲ್ಲ. ಎಷ್ಟು ಹೊತ್ತೋ... ಕೊನೆಗೆ ಅವನು ತೆಗೆದುಕೊಂಡು ಆಕೆಯ ಕಾಲಿಗೆ ಬಿದ್ದ.

"ಬಂಗಾರದಂಗ ಇರು," ಅಂದಳು. "ಕೇಸಿನ ತಾರೀಖು ಮಾತ್ರ ತಪ್ಪಿಸಬ್ಯಾಡ."

ಮಗ ಒಂದು ವಾರ ಆಕೆಯ ಜೊತೆ ಮಾತು ಬಿಟ್ಟ. "ನಿನ್ನ ಕೈಗೆ ಕೋರ್ಟು ನ್ಯಾಯ ಕೊಡ್ಲಿ, ನಾ ಬ್ಯಾಡ ಅಂದಿಲ್ಲ. ಆದ್ರ ಊರಾಗ ಹೆಂಗ ಬಾಳಬೇಕು ಅನ್ನೋದನ್ನ ಠಾಣೆಯವರು ಹೇಳೋದು ಬ್ಯಾಡ," ಎಂದು ಆಯಿ ಹೇಳುತ್ತಲೇ ಇದ್ದಳು. ಮರುವರ್ಷದಿಂದ ಎರಡೂ ಓಣಿಯವರು ಐದಕ್ಕೇ ಕೂಡಿ ಹೋದೆವು. ನೋಟೀಸು ಅದರ ಪಾಡಿಗೆ ಅದು ಪ್ರತಿವರ್ಷ ಬರುತ್ತಿತ್ತು.

ಈ ಬೇಸಿಗೆಯಲ್ಲಿ ಆಯಿ ಹೋದಳು. ಕೇಸು ಇನ್ನೂ ನಡೆದಿದೆ. ಮೊನ್ನೆ ದಸರೆಯ ಸಂಜೆ ಐದಕ್ಕೆ ಎಲ್ಲರೂ ಹೋದೆವು. ಪ್ರತಿವರ್ಷ ಮೊದಲ ಬನ್ನಿ ಆಕೆಗೇ ಕೊಡುತ್ತಿದ್ದೆವು. ಈ ಸಲ ಯಾರ ಹತ್ತಿರ ಹೋಗಬೇಕೋ ತಿಳಿಯದೆ, ಕೈಯಲ್ಲಿ ಎಲೆ ಹಿಡಿದು ಪೆದ್ದರಂತೆ ನಿಂತೆವು. ನನಗೆ ಅಳು ತಡೆಯಲಾಗಲಿಲ್ಲ.

ಆಗ ಆಕೆಯ ಮಗ ಗುಂಪು ದಾಟಿ ಟ್ರ್ಯಾಕ್ಟರಿನವನ ಎದುರಿಗೆ ಹೋದ. ಇಷ್ಟು ವರ್ಷ ಅವನಿಗೆ ಬನ್ನಿ ಕೊಟ್ಟವನಲ್ಲ. ಬಲಗೈ ಮೇಲೇಳುವುದಿಲ್ಲವಲ್ಲ, ಎಡಗೈಯಲ್ಲೇ ಚಾಚಿದ. ಟ್ರ್ಯಾಕ್ಟರಿನವ ಎರಡೂ ಕೈ ಒಡ್ಡಿ ತೆಗೆದುಕೊಂಡ.

ಎಡಗೈಲೆ ಬನ್ನಿ ಕೊಡ್ತಾರೇನೋ ಎಂದು ಬೈಯಲು ಆಯಿ ಇರಲಿಲ್ಲ.