ಬಾರೂದಖಾನೆಯ ಮೂಲೆ ಮಾಡ

ಗುರುಬಾಯಿ, ನಿನಗೆ ಮೂರ್ಛೆ ರೋಗ ಇರಲಿಲ್ಲ. ಎಂದೂ ಇರಲಿಲ್ಲ. ನಿನಗೆ ಬಂದ ಫಿಟ್ಸು ನಾನು ಮಣ್ಣು ಮೆತ್ತಿ ಸುಣ್ಣ ಬಳಿದು ಮುಚ್ಚಿಟ್ಟ ವಿಷದಿಂದ ಬಂದದ್ದು. ಡಾಕ್ಟರು ಕೇಳಿದಾಗ ನಾನು ಸುಳ್ಳು ಹೇಳಿದೆ — ಒಂದೇ ಮಾತಿನ ಸುಳ್ಳು. ಆ ಮಾತನ್ನು ನೀನು ಇವತ್ತಿಗೂ ಮೈಮೇಲೆ ಹೊತ್ತು ತಿರುಗುತ್ತಿದ್ದೀ.

ಇದನ್ನು ಮೊದಲೇ ಬರೆದುಬಿಟ್ಟೆ, ಯಾಕೆಂದರೆ ನನ್ನ ಗುಣ ನನಗೆ ಗೊತ್ತು. ಹಿಂದಿನದು ಮುಂದಿನದು ಹೇಳುತ್ತ ಹೋದರೆ ಕಡೆಗೆ ನಾನೇ ದೊಡ್ಡವಳಾಗಿ ಕಾಣುವ ಹಾಗೆ ಮಾಡಿಬಿಡುತ್ತೇನೆ. ಜೀವನವಿಡೀ ಪಾಠ ಹೇಳಿದವರಿಗೆ ಅದೇನು ಕಷ್ಟದ ಕೆಲಸವಲ್ಲ. ನಿನಗೆ ಗೊತ್ತಿರುವುದನ್ನು ಉಳಿದವರಿಗೂ ತಿಳಿಸಬೇಕು, ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ.

ನಮ್ಮ ಊರು ಬಸವನ ಬಾಗೇವಾಡಿಯಿಂದ ಮುದ್ದೇಬಿಹಾಳಕ್ಕೆ ಹೋಗುವ ದಾರಿ ಬಿಟ್ಟು ಒಳಗಿದೆ. ಹೆಸರು ಬೇಡ. ಊರ ಅಂಚಿನಲ್ಲಿ ಬಿದ್ದುಹೋದ ಕೋಟೆ. ಅದರಲ್ಲಿ ಬೀಳದೆ ಉಳಿದದ್ದು ಬಾರೂದಖಾನೆ ಒಂದೇ. ಹಿಂದೆ ದಂಡಿನವರು ತೋಪಿಗೆ ಬೇಕಾದ ಬಾರೂದು ಇಡುತ್ತಿದ್ದ ಕಟ್ಟಡ. ಒಂದೇ ಬಾಗಿಲು, ಒಬ್ಬ ಆಳು ಅಡ್ಡ ಮಲಗುವಷ್ಟು ದಪ್ಪ ಗೋಡೆ, ಗೋಡೆಯುದ್ದಕ್ಕೂ ಆಳವಾದ ಗೂಡುಗಳು. ನಮ್ಮ ಕಡೆ ಗೋಡೆಯ ಗೂಡಿಗೆ ಮಾಡ ಎನ್ನುತ್ತೇವೆ. ಬಾರೂದು ತೇವ ಹಿಡಿಯಬಾರದೆಂದು ಕಟ್ಟಿದ್ದು; ಶ್ರಾವಣದ ಜಿಟಿಜಿಟಿ ಮಳೆಯಲ್ಲೂ ಅದರೊಳಗೆ ಬೆಂಕಿಕಡ್ಡಿ ಒಂದೇ ಗೀರಿಗೆ ಹೊತ್ತಿಕೊಳ್ಳುತ್ತಿತ್ತು. ದಂಡು ಹೋದ ಎಷ್ಟೋ ಕಾಲದ ಮೇಲೆ ಕೃಷಿ ಇಲಾಖೆಯವರು ಅಲ್ಲಿ ಬೆಳೆಗೆ ಉದುರಿಸುವ ಬಿ.ಎಚ್.ಸಿ. ಪುಡಿಯ ಚೀಲ ಒಟ್ಟಿದರು. ಹುಳ ಸಾಯಿಸುವ ಪುಡಿ, ಮುಗ್ಗು ಹಿಡಿದ ವಾಸನೆ. ತೊಂಬತ್ತರ ದಶಕದ ಆರಂಭದಲ್ಲಿ ರಸ್ತೆ ಪಕ್ಕ ಹೊಸ ಗೋದಾಮು ಎದ್ದಾಗ ಚೀಲಗಳು ಅಲ್ಲಿಗೆ ಹೋದವು. ಉದುರಿದ ಪುಡಿ ಮಾತ್ರ ನೆಲದಲ್ಲಿ, ಗೋಡೆಯಲ್ಲಿ, ಕಲ್ಲಿನ ಸಂದಿಯಲ್ಲಿ ಹಾಗೇ ಉಳಿಯಿತು.

ಆ ಕಟ್ಟಡವನ್ನು ನಾನು ಕೇಳಿದೆ. ನಾನು ಹೈಸ್ಕೂಲಿನ ಟೀಚರು, ಊರವರ ಬಾಯಲ್ಲಿ ಅಕ್ಕೋರು. ಸುತ್ತಲ ಹಳ್ಳಿಗಳಲ್ಲಿ ಏಳನೆಯ ತರಗತಿಗೆ ಹುಡುಗಿಯರ ಓದು ಮುಗಿದೇ ಹೋಗುತ್ತಿತ್ತು. ಹೈಸ್ಕೂಲು ದೂರ, ಬಸ್ಸು ಬಂದರೆ ಬಂತು ಇಲ್ಲವಾದರೆ ಇಲ್ಲ. ಉಳಿಯಲು ಒಂದು ಜಾಗ ಸಿಕ್ಕರೆ ಸಾಕಿತ್ತು. ಪಂಚಾಯತಿ ಕಟ್ಟೆಯ ಮೇಲೆ ಕೂತವರೆಲ್ಲ ನಕ್ಕರು.

"ಹೆಣ್ಣ ಹುಡುಗ್ಯಾರನ್ನ ಒಯ್ದು ಆ ಕ್ವಾಟಿ ಒಳಗ ಮಲಗಸ್ತೀರೇನ್ರಿ ಅಕ್ಕೋರ?"

"ಮಲಗಸ್ತೇನ್ರಿ," ಅಂದೆ. "ಮಲಗಸೂದಷ್ಟ ಅಲ್ಲ, ಓದಸ್ತೇನಿ."

ಆ ಮಾತಿಗೆ ನನಗೆ ಇವತ್ತಿಗೂ ನಾಚಿಕೆಯಿಲ್ಲ. ಇದನ್ನು ಓದಿ ಯಾರಾದರೂ 'ಹುಡುಗಿಯರ ಹಾಸ್ಟೆಲು ಅಂತ ಹಾರಾಡಿದ್ದೇ ತಪ್ಪು' ಎಂದು ಬಾಯಿ ತೆಗೆದರೆ ನನ್ನ ಎದುರಿಗೆ ಬಂದು ಹೇಳಲಿ. ತಪ್ಪು ಅದಲ್ಲ. ತಪ್ಪು ಮೂಲೆಯ ಮಾಡದ್ದು, ಅದು ನನ್ನದು. ಎರಡನ್ನೂ ಕಲಸಿ ನನಗೆ ತಿನ್ನಿಸಲು ಬರಬೇಡಿ.

ಕಟ್ಟಡ ಕೊಡುತ್ತೇವೆ, ಆದರೆ ದೀಪಾವಳಿಯೊಳಗೆ ಸ್ವಚ್ಛ ಆಗಿರಬೇಕು, ತಾಲೂಕಿನ ಸಾಹೇಬರು ಬಂದು ನೋಡಿ ಒಪ್ಪಬೇಕು ಎಂದರು. ಒಪ್ಪದಿದ್ದರೆ ಅದು ಊರಿನ ಒಬ್ಬ ಹತ್ತಿ ವ್ಯಾಪಾರಿಯ ಪಾಲು. ಅವನು ಬಾಗಿಲಿಗೆ ಹಾಕುವ ಬೀಗ ಆಗಲೇ ತಂದಿಟ್ಟುಕೊಂಡಿದ್ದ. ನಾನು ಆಳು ಹಿಡಿದೆ. ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡು ಗೋಡೆಯ ಗಾರೆ ಕೆತ್ತಿದೆವು. ನೆಲ ಮೊಳದಷ್ಟು ಅಗೆದು ಆ ಮಣ್ಣನ್ನು ಸರ್ಕಾರಿ ಗಾಡಿಗೆ ತುಂಬಿ ಕಳಿಸಿದೆವು, ಹೊಸ ಗರಸು ಮಣ್ಣು ಹಾಕಿ ಬಡಿದೆವು. ಒಂದೊಂದು ಮಾಡವನ್ನೂ ಕಲ್ಲು ಕಾಣುವ ತನಕ ಕೆರೆದೆವು. ಸಂಜೆಯಾದರೆ ಎಲ್ಲರಿಗೂ ತಲೆನೋವು, ಕೆಲವರಿಗೆ ವಾಂತಿ. ಮಜ್ಜಿಗೆ ಕುಡಿದು ಮತ್ತೆ ಬರುತ್ತಿದ್ದರು. ಅಷ್ಟರಲ್ಲಿ ಹಿಂಗಾರಿ ಬಿತ್ತನೆ ಶುರುವಾಯಿತು. ಜೋಳ ಬಿತ್ತುವ ಹದ ಬಂದ ಮೇಲೆ ನಮ್ಮ ನೆಲದಲ್ಲಿ ಯಾರನ್ನೂ ಹಿಡಿದು ನಿಲ್ಲಿಸಲು ಆಗುವುದಿಲ್ಲ. ಆಳುಗಳು ಹೊಲಕ್ಕೆ ಹೋದರು.

ಒಂದು ಮಾಡ ಉಳಿಯಿತು. ಒಳಮೂಲೆಯದು, ಎಲ್ಲಕ್ಕಿಂತ ಆಳ. ಅದರಲ್ಲಿ ಎಂದೋ ಒಂದು ಚೀಲ ಒಡೆದು ಪುಡಿ ಕಲ್ಲುಗಳ ಸಂದಿಯೊಳಗೆಲ್ಲ ಇಳಿದಿತ್ತು. ಕೈ ಹಾಕಿ ತೆಗೆದಷ್ಟೂ ಸುರಿಯುತ್ತಿತ್ತು. ಸಾಹೇಬರು ಬರುವುದು ಮರುದಿನ. ನಾನು — ಇಲ್ಲಿ 'ನಾವು' ಎಂದು ಬರೆಯಲು ಕೈ ಹೋಗುತ್ತಿದೆ, ಆದರೆ ಅಲ್ಲಿ ನನ್ನ ಹೊರತು ಯಾರೂ ಇರಲಿಲ್ಲ — ನಾನು ಸೆರಗು ಕಟ್ಟಿ, ಹೊಟ್ಟು ಕಲಸಿದ ಮಣ್ಣನ್ನು ಆ ಮಾಡದ ಹಿಂಗೋಡೆಗೆ ನನ್ನ ಕೈಯಾರೆ ಮೆತ್ತಿದೆ. ಮೇಲೆ ಸುಣ್ಣ ಬಳಿದೆ. ಬಾಗಿಲಲ್ಲಿ ನಿಂತು ನೋಡಿದರೆ ಉಳಿದೆಲ್ಲ ಮಾಡಗಳಿಗಿಂತ ಅದೇ ಚಂದ ಕಾಣುತ್ತಿತ್ತು. ಸಾಹೇಬರು ಬಂದರು, ಊದಿನಕಡ್ಡಿಯ ಹೊಗೆಯಲ್ಲಿ ಮೂಗು ಒರೆಸಿಕೊಂಡರು, ಒಪ್ಪಿದರು. ಊದಿನಕಡ್ಡಿ ಹಚ್ಚಿದ್ದೂ ನಾನೇ. ಮುಂದಿನ ರಜೆಯಲ್ಲಿ ಬಿಚ್ಚಿ ತೆಗೆದರಾಯಿತು ಎಂದುಕೊಂಡಿದ್ದೆ.

ದೀಪಾವಳಿ ಮುಗಿಸಿ ಹುಡುಗಿಯರು ಬಂದರು. ಎಲ್ಲರ ಕೈಯಲ್ಲೂ ರೊಟ್ಟಿಯ ಗಂಟು. ಹಾಸ್ಟೆಲಿನಲ್ಲಿ ಅನ್ನ ಸಾರು ಆಗುತ್ತಿತ್ತು. ರೊಟ್ಟಿ ಮಾತ್ರ ಅವರವರ ಮನೆಯದು — ಅವ್ವಂದಿರು ಬಡಿದು, ಒಣಗಿಸಿ, ಬಿಳಿ ಅರಿವೆಯಲ್ಲಿ ಕಟ್ಟಿ ಕಳಿಸಿದ ಕಟಕ ರೊಟ್ಟಿ. ಒಬ್ಬೊಬ್ಬಳಿಗೆ ಒಂದೊಂದು ಮಾಡ. 'ಬಾರೂದು ಇಟ್ಟ ಮಾಡ ಇವು, ರೊಟ್ಟಿ ಎಂದೂ ಮೆತ್ತಗಾಗೋದಿಲ್ಲ' ಎಂದು ನಾನೇ ಹೆಮ್ಮೆಯಿಂದ ತೋರಿಸಿದೆ. ಬೇರೆ ಸೀಮೆಯವರಾಗಿದ್ದರೆ ಪುಸ್ತಕ ಇಡುತ್ತಿದ್ದರೇನೋ, ಬಟ್ಟೆ ಇಡುತ್ತಿದ್ದರೇನೋ. ನಾವು ವಾರಗಟ್ಟಲೆ ತಿನ್ನುವ ರೊಟ್ಟಿಯನ್ನು ಇಟ್ಟೆವು. ತಂಗಡಗಿಯಿಂದ ಬರುವ ಬಸ್ಸು ಕೆಟ್ಟು ಎಲ್ಲರಿಗಿಂತ ಕಡೆಗೆ ಬಂದವಳು ನೀನು. ಉಳಿದಿದ್ದ ಮಾಡ ಒಂದೇ.

ನೀನು ಗಂಟನ್ನು ಅದರೊಳಗೆ ತಳ್ಳುವುದನ್ನು ನಾನು ನೋಡಿದೆ. ಬಾಯಿ ತೆರೆದೆ. ನಾಳೆ ಹೇಳಿದರಾಯಿತು, ಈಗ ಎಲ್ಲರ ಮುಂದೆ ಬೇಡ ಅಂತ — ಮುಚ್ಚಿಕೊಂಡೆ.

ಅಷ್ಟು ಒಣ ಗೋಡೆ ನನ್ನ ಹಸಿ ಮಣ್ಣಿನ ನೀರನ್ನೆಲ್ಲ ಹೀರಿಕೊಂಡಿತು. ತಿಂಗಳು ಕಳೆಯುವುದರೊಳಗೆ ಮಣ್ಣು ಬಿರುಕು ಬಿಟ್ಟಿತು. ಒಮ್ಮೆ ನಿನ್ನ ಗಂಟಿನ ಮೇಲೆ ಬಿಳಿ ಪುಡಿ ಕಂಡೆ. ಸುಣ್ಣ ಉದುರಿದೆ ಎಂದು ನನಗೆ ನಾನೇ ಹೇಳಿಕೊಂಡು ಕೊಡವಿದೆ. ಸುಣ್ಣಕ್ಕೆ ಆ ಮುಗ್ಗು ವಾಸನೆ ಎಲ್ಲಿಂದ ಬರಬೇಕು?

ಆಮೇಲಿನದು ನಿನಗೆ ನೆನಪಿರಲಾರದು. ಬೆಳಗಿನ ಪ್ರಾರ್ಥನೆಗೆ ನಿಂತಾಗ ನೀನು ನೆಲಕ್ಕೆ ಬಿದ್ದೆ. ಕೈಕಾಲು ಸೆಟೆದವು, ಬಾಯಲ್ಲಿ ನೊರೆ. ಅಡಿಗೆಯ ಕಾಶವ್ವ ಓಡಿಬಂದು, ಕಬ್ಬಿಣ ಹಿಡಿಸಬೇಕೆಂದು ನನ್ನ ಸೊಂಟದಲ್ಲಿದ್ದ ಬಾರೂದಖಾನೆಯ ಬೀಗದ ಕೈಯನ್ನೇ ಕಿತ್ತುಕೊಂಡು ನಿನ್ನ ಮುಷ್ಟಿಯೊಳಗೆ ತುರುಕಿದಳು. ಒಂದೇ ವಾರದಲ್ಲಿ ಮತ್ತೆ ಬಿದ್ದೆ. ನಿನ್ನ ಅವ್ವನನ್ನು ಕರೆಸಿ ಬಾಗೇವಾಡಿಯ ಡಾಕ್ಟರ ಹತ್ತಿರ ಒಯ್ದೆವು. ಅವರು ಎಲ್ಲ ನೋಡಿ, ನಿನ್ನ ಅವ್ವನನ್ನು ಹೊರಗೆ ಕೂರಿಸಿ, ನನ್ನನ್ನು ಒಬ್ಬಳನ್ನೇ ಕೇಳಿದರು.

"ನಿಮ್ಮ ಹಾಸ್ಟೆಲ್ದಾಗ ಮೊದಲ ಪುಡಿ ಇಡ್ತಿದ್ರಂತಲ್ರಿ ಅಕ್ಕೋರ. ಈಗೇನರ ಉಳದೈತೇನು? ಇದ್ರ ಹೇಳ್ರಿ, ಹುಡುಗಿ ಔಷಧನ ಬ್ಯಾರೆ ಆಗತೈತಿ."

"ಇಲ್ರಿ," ಅಂದೆ.

ಅಷ್ಟೇ. ಮುಚ್ಚಿದ ಬಾಗಿಲಿನ ಹಿಂದೆ, ಫ್ಯಾನಿನ ಕೆಳಗೆ ಕೂತು ಹೇಳಿದ ಒಂದು ಮಾತು. ಹೌದು ಎಂದಿದ್ದರೆ ಸಂಜೆಯೊಳಗೆ ಹಾಸ್ಟೆಲಿಗೆ ಬೀಗ ಬೀಳುತ್ತಿತ್ತು, ಹುಡುಗಿಯರೆಲ್ಲ ಗಂಟು ಕಟ್ಟಿ ಮನೆಗೆ ಹೋಗುತ್ತಿದ್ದರು, ಮತ್ತೆ ಬರುತ್ತಿರಲಿಲ್ಲ. ಇದನ್ನು ನೆಪ ಎಂದು ಹೇಳುತ್ತಿಲ್ಲ. ಆ ಹೊತ್ತು ನನ್ನ ತಲೆಯಲ್ಲಿ ಏನಿತ್ತು ಎಂದು ಹೇಳುತ್ತಿದ್ದೇನೆ. ಒಂದು ಹುಡುಗಿಯನ್ನು ತಕ್ಕಡಿಯ ಒಂದು ಕಡೆ ಇಟ್ಟೆ, ಉಳಿದವರನ್ನು ಇನ್ನೊಂದು ಕಡೆ. ತಕ್ಕಡಿ ಹಿಡಿಯಲು ನನಗೆ ಯಾರು ಹೇಳಿದ್ದರು?

ಡಾಕ್ಟರು ಮೂರ್ಛೆ ರೋಗ ಎಂದು ಗುಳಿಗೆ ಬರೆದರು. ಹೊರಗೆ ನಿನ್ನ ಅವ್ವ, "ನಮ್ಮ ಮನಿತನದಾಗ ಯಾರಿಗೂ ಇಲ್ಲವಾ ಯವ್ವಾ ಇದು" ಎಂದು ಎದೆ ಬಡಿದುಕೊಂಡಳು. ನಾನು ಅವಳ ಬೆನ್ನು ಸವರಿದೆ! ಆ ಕೈಯಿಂದಲೇ.

ನೀನು ಓದು ಬಿಟ್ಟು ಊರಿಗೆ ಹೋದೆ. ಸಂಕ್ರಾಂತಿಯ ರಜೆಗೆ ಹಾಸ್ಟೆಲು ಖಾಲಿಯಾದಾಗ ಒಬ್ಬಳೇ ಕೂತು ಆ ಮಾಡದ ಕಲ್ಲು ಬಿಚ್ಚಿದೆ. ಒಳಗಿನ ಪುಡಿಯನ್ನೆಲ್ಲ ತಗಡಿನ ಡಬ್ಬಿಗೆ ತುಂಬಿ, ಬಾಯಿ ಬಿಗಿದು, ಕೋಟೆಯ ಹಿತ್ತಲಲ್ಲಿ ಸಿಕ್ಕಿತು ಎಂದು ಇಲಾಖೆಯವರಿಗೆ ಒಪ್ಪಿಸಿದೆ. ಅದೂ ಸುಳ್ಳು. ಮಾಡವನ್ನು ಕಲ್ಲು ಸಿಮೆಂಟಿನಿಂದ ಮುಚ್ಚಿಸಿದೆ. ಆಮೇಲೆ ಅಲ್ಲಿ ಯಾರಿಗೂ ಏನೂ ಆಗಲಿಲ್ಲ. ಅಲ್ಲಿದ್ದು ಓದಿದವರು ನರ್ಸ್ ಆದರು, ಟೀಚರ್ ಆದರು, ಒಬ್ಬಳು ಪೊಲೀಸ್ ಆಗಿ ಸಿಂದಗಿಯಲ್ಲಿದ್ದಾಳೆ. ಹಾಸ್ಟೆಲು ಬಿಟ್ಟ ಮೇಲೆ ನಿನಗೂ ಫಿಟ್ಸು ನಿಂತಿದೆ ಎಂದು ಯಾರೋ ಹೇಳಿದರು. ಹರಕೆ ಫಲಿಸಿತು ಎನ್ನುತ್ತಿದ್ದರಂತೆ. ಅಲ್ಲಿಗೆ ನನಗೆ ಅನುಮಾನವೂ ಉಳಿಯಲಿಲ್ಲ. ಆಗಲಾದರೂ ತಂಗಡಗಿಯ ಬಸ್ಸು ಹತ್ತಬೇಕಿತ್ತು. ಮೊದಲು ಹಾಸ್ಟೆಲಿಗಾಗಿ ಸುಮ್ಮನಿದ್ದೆ. ಆಮೇಲೆ ನನಗಾಗಿ ಸುಮ್ಮನಿದ್ದೆ. ಈ ಎರಡರ ನಡುವಿನ ಗೆರೆಯನ್ನು ಯಾವಾಗ ದಾಟಿದೆನೋ, ನನಗೂ ತಿಳಿಯಲಿಲ್ಲ.

ಮೊನ್ನೆ ಇಂಡಿ ಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ನೀನೇ ನನ್ನ ಗುರುತು ಹಿಡಿದೆ. ಕಾಲು ಮುಟ್ಟಿದೆ. ಬೆರಳಿಗೆ ಕಬ್ಬಿಣದ ಉಂಗುರ. ಸೋದರಮಾವನ ಮಗನ ಜೊತೆ ಆಗಿದ್ದ ಮಾತು ಮುರಿದು, ಇಂಡಿ ಕಡೆ ಎರಡನೇ ಸಂಬಂಧಕ್ಕೆ ಕೊಟ್ಟರೆಂದು ನಗುನಗುತ್ತಲೇ ಹೇಳಿದೆ.

"ಅತ್ತಿ ಛಲೋ ಅದಾಳ್ರಿ. ಆದ್ರ ಒಲಿ ಮುಂದ ಕೂಡ್ರಸಂಗಿಲ್ಲ, ಬಾವಿಗಿ ಕಳಸಂಗಿಲ್ಲ. ಬೆಂಕಿ ನೀರು ಎರಡೂ ನನಗ ಬ್ಯಾಡಂತಾರ. ತವರಮನಿಗಿ ಹೋದ್ರೂ ಹೊಳಿಗಿ ಇಳಿಯಾಕ ಬಿಡಂಗಿಲ್ರಿ. ರೊಟ್ಟಿ ಬಡಿಯೋದ ಮರತೇನಿ."

ಕೃಷ್ಣೆಯ ದಂಡೆಯಲ್ಲಿ ಹುಟ್ಟಿದವಳು ಹೊಳೆಗೆ ಇಳಿದಿಲ್ಲ. ನಿನ್ನ ಸೆರಗು ಹಿಡಿದು ಒಂದು ಹುಡುಗಿ ನಿಂತಿತ್ತು, ನಿನ್ನದೇ ಕಣ್ಣು. ಅದನ್ನು ಮುಂದೆ ನಮ್ಮ ಹಾಸ್ಟೆಲಿಗೇ ಹಾಕುವ ಆಸೆ ಎಂದೆ ನೀನು. ಆಮೇಲೆ ಅದಕ್ಕೆ ಕೇಳಿಸದ ಹಾಗೆ ನನ್ನ ಕಿವಿಯ ಹತ್ತಿರ ಬಂದೆ.

"ಅಕ್ಕೋರ, ನೀವು ಓದಿದವ್ರು, ಖರೆ ಹೇಳ್ರಿ. ನನ್ನ ರೋಗ ಈಕಿಗೂ ಬರತೈತೇನ್ರಿ?"

"ಇಲ್ಲವಾ," ಅಂದೆ.

ಈ ಸಲದ ಮಾತು ನಿಜ. ಆದರೆ ಅದರ ಹಿಂದಿನದನ್ನು ನುಂಗಿದೆ. ನನ್ನ ಬಸ್ಸು ಬಂತು, ನಾನು ಹತ್ತಿದೆ, ಕಿಟಕಿಯಿಂದ ಕೈ ಬೀಸಿದೆ — ನಾನು ಅಂಥವಳು, ತಿಳಿದುಕೋ.

ಈಗ ನಾನು ರಿಟೈರ್ ಆಗಿದ್ದೇನೆ. ಮುಂದಿನ ತಿಂಗಳು ಆ ಬಾರೂದಖಾನೆಯ ಅಂಗಳದಲ್ಲೇ ನನಗೆ ಶಾಲು ಹೊದಿಸುತ್ತಾರಂತೆ. ಹೊದಿಸಲು ಬರುವವರಿಗೆ ಈಗಲೇ ಹೇಳುತ್ತೇನೆ: ಮುಚ್ಚಿಸಿದ ಆ ಮೂಲೆಯನ್ನು ತೋರಿಸಿ ಎಲ್ಲವನ್ನೂ ಮೈಕಿನಲ್ಲಿ ಹೇಳುತ್ತೇನೆ. ಬೇಕಾದವರು ಗೋಡೆ ಬಿಚ್ಚಿಸಿ ನೋಡಲಿ. ಎಲ್ಲಾದರೂ ಒಂದು ಚಿಟಿಕೆ ಉಳಿದಿದ್ದರೆ ಅದನ್ನೂ ತೆಗೆಯಲಿ. ನನ್ನ ಮೇಲೆ ಏನು ಮಾಡುತ್ತೀರೋ ಮಾಡಿ. ಆದರೆ ಇದನ್ನೇ ಹಿಡಿದುಕೊಂಡು ಹಾಸ್ಟೆಲು ಮುಚ್ಚುತ್ತೇವೆ ಎಂದು ಬಂದರೆ ಬಾಗಿಲಿಗೆ ಅಡ್ಡ ಮಲಗುತ್ತೇನೆ. ಮುದುಕಿ ಎಂದು ದಾಟಿಹೋಗಲು ನೋಡಬೇಡಿ.

ಅದಕ್ಕೂ ಮೊದಲು ನಿನ್ನ ಮನೆಗೆ ಬರುತ್ತೇನೆ, ಗುರುಬಾಯಿ. ಒಳಗೆ ಕರೆದು ಚಹಾ ಕೊಡಬೇಡ. ಅಂಗಳದಲ್ಲಿ ನಿಂತು ನಿನ್ನ ಅತ್ತೆಯ ಮುಂದೆ, ಗಂಡನ ಮುಂದೆ, ಓಣಿಗೆಲ್ಲ ಕೇಳುವ ಹಾಗೆ ಹೇಳುತ್ತೇನೆ. ಅವತ್ತಿನ ಸುಳ್ಳನ್ನು ಬಾಗಿಲು ಮುಚ್ಚಿಕೊಂಡು ಹೇಳಿದ್ದೆ. ಆಮೇಲೆ ನೀನು ನನ್ನನ್ನು ಬೈಯಬಹುದು, ಹೊರಗೆ ದಬ್ಬಬಹುದು. ಕ್ಷಮಿಸು ಎಂದು ಕೇಳುವುದಿಲ್ಲ — ಅದು ನಿನ್ನಿಂದ ಇನ್ನೊಂದನ್ನು ಕಿತ್ತುಕೊಂಡ ಹಾಗೆ.

ಆ ಉಂಗುರ ತೆಗೆದಿಡು. ಒಲೆ ಹಚ್ಚು. ಮರೆತಿದ್ದರೆ ನಿನ್ನ ಅತ್ತೆಯೇ ಕಲಿಸುತ್ತಾಳೆ, ಮೊದಲ ರೊಟ್ಟಿ ಸೀದರೂ ಪರವಾಗಿಲ್ಲ. ಅದನ್ನು ನನಗೆ ಕೊಡಬೇಡ. ನಿನ್ನ ಮಗಳಿಗೆ ಕೊಡು.