ಹೊಸಕೋಟೆಯ ಶಾರದಮ್ಮ

“ಸಾರ್, ಈ ಶಾರದಮ್ಮನ ಫೋನ್ ನಂಬರ್ ಕೊಡ್ತೀರಾ?”

ಆವತಿಯಲ್ಲಿ ಮಹಿಳಾ ಸಂಘದವರಿಗೆ ಉಳಿತಾಯದ ಬಗ್ಗೆ ಉಪನ್ಯಾಸ ಬಿಗಿದು ಕಾರು ಹತ್ತುವವನಿದ್ದೆ. ನಲವತ್ತರ ಆಸುಪಾಸಿನ ಹೆಂಗಸೊಬ್ಬರು ಆಧಾರ್ ಕಾರ್ಡಿನ ಪ್ಲಾಸ್ಟಿಕ್ ಕವರಿನಿಂದ ಪತ್ರಿಕೆಯ ತುಣುಕೊಂದನ್ನು ತೆಗೆದು ಬಿಡಿಸಿದರು. ನಾನು ಬರೆಯುವ ಹಣಕಾಸಿನ ಪ್ರಶ್ನೋತ್ತರ ಅಂಕಣ. ‘ನನ್ನ ಕೂಲಿಯನ್ನೆಲ್ಲ ಗಂಡ ಕಿತ್ತುಕೊಳ್ಳುತ್ತಾರೆ. ಅವರಿಗೆ ತಿಳಿಯದಂತೆ ಬ್ಯಾಂಕ್ ಖಾತೆ ತೆರೆಯಬಹುದೇ? – ಶಾರದಮ್ಮ, ಹೊಸಕೋಟೆ.’

ಆ ವಾರ ಓದುಗರಿಂದ ಒಂದೂ ಪತ್ರ ಬಂದಿರಲಿಲ್ಲ. ಪ್ರಶ್ನೆ, ಹೆಸರು, ಊರು ಎಲ್ಲವನ್ನೂ ಕಚೇರಿಯಲ್ಲಿ ಕುಳಿತು ನಾನೇ ಹುಟ್ಟಿಸಿದ್ದೆ. ಪತ್ರ ಬರದ ವಾರ ಹಾಗೆ ಮಾಡುವುದು ನನಗೆ ರೂಢಿಯಾಗಿಬಿಟ್ಟಿತ್ತು.

“ನಮ್ಮನೇಲೂ ಹಿಂಗೇ ಸಾರ್. ಇಲ್ಲಿ ಯಾರ ಹತ್ರಾನೂ ಹೇಳ್ಕೊಳಕ್ಕಾಗಲ್ಲ. ಆ ಯಮ್ಮನ ಹತ್ರ ಆದ್ರೆ ಹೇಳ್ಕೋಬೋದು ಅನ್ನಿಸ್ತು,” ಎಂದರು.

ನಿಜ ಹೇಳಲೆಂದೇ ಬಾಯಿ ತೆರೆದೆ. ಬಂದದ್ದು ಮಾತ್ರ ಇನ್ನೊಂದು ಸುಳ್ಳು: “ನಂಬರ್ ಕೊಡೋ ಹಾಗಿಲ್ಲಮ್ಮ.”

“ಹೋಗ್ಲಿ ಬಿಡಿ. ಖಾತೆ ತೆಗೆದ್ರಂತಾ?”

“ತೆಗೆದ್ರು,” ಎಂದೆ.

ಆಕೆಯ ಮುಖ ಅರಳಿತು. “ಸದ್ಯ, ಅವರಾದ್ರೂ ಬಚಾವಾದ್ರಲ್ಲ,” ಎನ್ನುತ್ತಾ ತುಣುಕನ್ನು ಹಳೆಯ ಮಡಿಕೆಗಳಲ್ಲೇ ಮಡಚಿ ಕವರಿನೊಳಗೆ ಸೇರಿಸಿದರು.

ಈಗಲೂ ಪತ್ರ ಬಾರದ ವಾರಗಳಿವೆ. ಪ್ರಶ್ನೆ ಹೇಗೋ ಹೊಳೆಯುತ್ತದೆ. ಕೆಳಗೆ ಹೆಸರು ಬರೆಯಲು ಕೈ ಏಳುವುದಿಲ್ಲ. ಇಲ್ಲದ ಹೆಂಗಸಿಗೆ ಹೆಸರಿಟ್ಟವನು, ಎದುರಿಗೇ ನಿಂತಿದ್ದವರ ಹೆಸರನ್ನು ಕೇಳಿರಲಿಲ್ಲ.