ಏಳನೇ ಕಾಲಮ್ಮಿಗೊಂದು ಸಹಿ

ತೊರೆಯ ಎರಡೂ ದಂಡೆಯ ರೈತರು ಅವಳನ್ನು ಟೇಪಕ್ಕ ಎನ್ನುತ್ತಾರೆ. ಮಣ್ಣು-ನೀರು ಸಂರಕ್ಷಣೆಯ ಕಚೇರಿಯಲ್ಲಿ ಅವಳ ಹುದ್ದೆಗೆ ಉದ್ದದ ಹೆಸರೊಂದಿದೆ. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಎದುರಿಗಿದ್ದವರು ಎರಡು ಸಲ ಆಕಳಿಸಿರುತ್ತಾರೆ. ಕೆಲಸ ಮಾತ್ರ ಸರಳ. ತೊರೆಗೆ ಗೊಬ್ಬರ, ಗಂಜಲ ಹರಿಯದ ಹಾಗೆ ರೈತ ದಂಡೆಯುದ್ದಕ್ಕೂ ಹುಲ್ಲಿನ ಪಟ್ಟಿ ಬಿಟ್ಟರೆ, ದನ ನೀರಿಗಿಳಿಯದಂತೆ ಬೇಲಿ ಹಾಕಿದರೆ, ಸಗಣಿಗುಂಡಿಗೆ ಗಾರೆ ಮಾಡಿ ಮೇಲೆ ಚಾವಣಿ ಹೊದಿಸಿದರೆ ಖರ್ಚಿನ ಮುಕ್ಕಾಲು ಪಾಲು ಸರ್ಕಾರದ್ದು, ಕಾಲು ಪಾಲು ರೈತನದು. ಬೇಲಿ ಹೇಳಿದಷ್ಟು ಉದ್ದ ಇದೆಯೇ, ಪಟ್ಟಿ ಹೇಳಿದಷ್ಟು ಅಗಲ ಇದೆಯೇ ಎಂದು ಟೇಪು ಹಿಡಿದು ನೋಡುವವಳು ಅವಳು. ಗೇಣು ಕಡಿಮೆಯಿದ್ದರೂ ಬಿಡುವವಳಲ್ಲ. ಟೇಪಕ್ಕ ಬಂದರೆ ಹುಲ್ಲೂ ನೆಟ್ಟಗೆ ನಿಲ್ಲುತ್ತದೆ ಎಂದು ರೈತರು ನಗುತ್ತಾರೆ. ಅವಳೂ ನಗುತ್ತಾಳೆ, ಟೇಪನ್ನು ಸಡಿಲ ಬಿಡುವುದಿಲ್ಲ.

ನೀರಿನ ಮೇಲಿನ ಪ್ರೀತಿಗೆ ಈ ಕೆಲಸ ಹಿಡಿದಳೆಂದು ಕಚೇರಿಯವರ ನಂಬಿಕೆ. ಅದು ಅರ್ಧ ನಿಜ. ಉಳಿದರ್ಧ ದ್ವೇಷ, ಅದಕ್ಕೆ ಮೂವತ್ತು ದಾಟಿದ ವಯಸ್ಸು.

ಅವಳಿಗೆ ಹನ್ನೊಂದು ವರ್ಷವಿದ್ದಾಗ ಅಮ್ಮ ತೊರೆಯ ಕೆಳಗಿನ ತಿರುವಿನಲ್ಲಿ ಮೂರು ಕೊಳ ತೋಡಿಸಿ ಮೀನುಮರಿ ಸಾಕುತ್ತಿದ್ದಳು. ಅಪ್ಪ ಹೋಗಿಬಿಟ್ಟಿದ್ದ, ಮನೆಗೆ ಇದ್ದ ಆಸರೆ ಆ ಕೊಳಗಳೇ. ಮರಿಗಳನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸುವಾಗ ಅಮ್ಮ ತಗಡಿನ ಬೋಗುಣಿಯನ್ನು ಸೊಂಟಕ್ಕಾನಿಸಿಕೊಂಡು, ಈಗಷ್ಟೇ ಮೀಯಿಸಿದ ಕೂಸನ್ನು ತರುವ ಹಾಗೆ, ನೀರು ತುಳುಕದಂತೆ ನಡೆಯುತ್ತಿದ್ದಳು. ಒಂದು ಬೆಳಗ್ಗೆ ಎದ್ದು ನೋಡಿದರೆ ಮೂರೂ ಕೊಳದ ಮೇಲೆ ಬಿಳಿ ಹೊಟ್ಟೆಗಳು. ನೀರು ಕಂದುಬಣ್ಣಕ್ಕೆ ತಿರುಗಿತ್ತು. ವಾಸನೆಗೆ ಮೂಗು ಬಿಡುವ ಹಾಗಿರಲಿಲ್ಲ. ಮೇಲುಭಾಗದಲ್ಲಿ ಇನ್ನೂರು ಹಸು ಕಟ್ಟುತ್ತಿದ್ದ ದೊಡ್ಡಕೊಟ್ಟಿಗೆಯ ಸಗಣಿಗುಂಡಿ ರಾತ್ರಿ ಒಡೆದಿತ್ತು. ಮೂಗಿದ್ದವರಿಗೆಲ್ಲ ಅದು ಗೊತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ದೊಡ್ಡಕೊಟ್ಟಿಗೆಯ ಯಜಮಾನ ನಾಲ್ಕು ಜನರನ್ನು ಕಟ್ಟಿಕೊಂಡು ಬಂದ. ಕೋಲಿನಿಂದ ನೀರು ಕಲಕಿದ. ಲೆಕ್ಕವಿಲ್ಲದೆ ಮೇವು ಸುರಿದರೆ ಕೊಳೆತು ನೀರು ಕೆಡುತ್ತದೆ, ಸಾಕಲು ಬಾರದವರು ಯಾಕೆ ಸಾಕಬೇಕು ಎಂದ. ಹೊರಡುವಾಗ ಅಮ್ಮನ ಕಡೆ ತಿರುಗಿ, "ಯಾಕಮ್ಮ, ನಿನ್ನ ಮೀನಿಗೆ ಈಜು ಬರ್ತಿರಲಿಲ್ವಾ?" ಎಂದು ಕೇಳಿದ. ನಾಲ್ವರೂ ನಕ್ಕರು. ಸತ್ತ ಮರಿಗಳನ್ನು ಬಲೆಯಲ್ಲಿ ಬಳಿಯುತ್ತಿದ್ದ ಹುಡುಗಿ ಆ ನಾಲ್ಕು ಮುಖಗಳನ್ನು ಮರೆತಳು, ಐದನೆಯದನ್ನು ಮರೆಯಲಿಲ್ಲ.

ಅರ್ಧ ಊರು ಅವನ ಕೊಟ್ಟಿಗೆಯಲ್ಲಿ ದುಡಿಯುತ್ತಿತ್ತು. ಹಾಗಾಗಿ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತಾಯಿತು. ಅಮ್ಮನಿಗೆ 'ಮೀನು ಕೊಂದೋಳು' ಎಂಬ ಹೆಸರು ಅಂಟಿತು. ಕೊಳ ಮಾರಿ ಪೇಟೆಗೆ ಬಂದು, ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇಪ್ಪತ್ತೆರಡು ವರ್ಷ ಪಾತ್ರೆ ತೊಳೆದಳು. ಅದನ್ನಾದರೂ ಟೇಪಕ್ಕ ಕ್ಷಮಿಸಿಯಾಳು. ಕ್ಷಮಿಸಲಾರದ್ದು ಇನ್ನೊಂದು: ಕೇಳಿ ಕೇಳಿ ಅಮ್ಮನೂ ಅದನ್ನು ನಂಬಿಬಿಟ್ಟಿದ್ದಳು. ಮೊಮ್ಮಗಳಿಗೆ ಉಣಿಸುವಾಗ ತುತ್ತು ಹಿಡಿದ ಕೈ ಅರ್ಧದಲ್ಲೇ ನಿಲ್ಲುತ್ತಿತ್ತು. ಜಾಸ್ತಿ ಆಯಿತೇನೋ ಎಂದು ತುತ್ತನ್ನು ತಟ್ಟೆಗೇ ಹಾಕುತ್ತಿದ್ದಳು. ಮಗು ಬಾಯಿ ತೆರೆದುಕೊಂಡೇ ಕೂತಿರುತ್ತಿತ್ತು.

ಹೀಗಿರುವಾಗ ಎರಡೂವರೆ ವರ್ಷದ ಹಿಂದೆ ದೊಡ್ಡಕೊಟ್ಟಿಗೆಯ ಯಜಮಾನ ಅರ್ಜಿ ಹಿಡಿದು ಟೇಪಕ್ಕನ ಮೇಜಿನ ಮುಂದೆ ಬಂದು ಕೂತ. ಎಪ್ಪತ್ತು ದಾಟಿತ್ತು, ಕೆನ್ನೆ ಜೋತಿತ್ತು, ಗತ್ತು ಹಾಗೇ ಇತ್ತು. ಗುಂಡಿ ಹಳೆಯದಾಗಿದೆ, ಸರ್ಕಾರ ಕೊಡುವಾಗ ಯಾಕೆ ಬಿಡಬೇಕು ಎಂದ. ಅವನಿಗೆ ಅವಳ ಗುರುತು ಹತ್ತಲಿಲ್ಲ. ಇಂಥದೊಂದು ಅರ್ಜಿಯನ್ನು ಹರಿದು ಅವನ ಮುಖಕ್ಕೆಸೆಯುವ ಸುಖವನ್ನು ಅವಳು ಮನೆಯ ಪಾತ್ರೆ ತಿಕ್ಕುತ್ತಾ ಎಷ್ಟೋ ಸಲ ಸವಿದಿದ್ದಳು. ಈಗ ಕಾಗದ ಕೈಯಲ್ಲೇ ಇತ್ತು. ಆದರೆ ಹರಿದರೆ ಇನ್ನೊಂದು ಪ್ರತಿ ಬರುತ್ತದೆ ಎನ್ನುವಷ್ಟು ಕಚೇರಿಯ ಅನುಭವ ಅವಳಿಗಿತ್ತು.

ಅರ್ಜಿ ಬಹಳ, ಅನುದಾನ ಕಡಿಮೆ. ಆದ್ದರಿಂದ ಅಂಕದ ಮೇಲೆ ಆಯ್ಕೆ. ಎಲ್ಲಿ ನೀರಿಗೆ ಹೆಚ್ಚು ಕೇಡೋ ಅಲ್ಲಿಗೆ ಹೆಚ್ಚು ಅಂಕ. ಅವನದು ಅರವತ್ತೊಂದಕ್ಕೆ ನಿಂತಿತ್ತು, ಎಪ್ಪತ್ತಾದರೂ ಬೇಕು. ಬೇರೆ ದಾರಿ ಇದ್ದರೆ ಹೇಳಮ್ಮ ಎಂದ. ಅವಳು ಪುಟ ತಿರುವಿ ಏಳನೇ ಕಾಲಮ್ಮು ತೋರಿಸಿದಳು. ಈ ಜಾಗದಿಂದ ಹಿಂದೆ ಯಾರಿಗಾದರೂ ಹಾನಿಯಾಗಿದ್ದರೆ ಹದಿನೈದು ಅಂಕ. ಮಾಲೀಕನ ಕೈಬರಹದ ಹೇಳಿಕೆ ಬೇಕು, ಹಾನಿಗೊಳಗಾದವರ ಸಹಿ ಬೇಕು. ಎಲ್ಲ ರೈತರಿಗೂ ಹೇಳುವ ಅದೇ ದನಿಯಲ್ಲಿ ಹೇಳಿದಳು.

ಅವನ ಕಣ್ಣು ಬೆಳಗಿತು. "ಹಿಂದೆ ಒಂದ್ಸಲ ನಮ್ಮ ಗುಂಡಿ ಒಡೆದು ಕೆಳಗಡೆ ಯಾವಳೋ ಹೆಂಗಸಿನ ಮೀನೆಲ್ಲ ಸತ್ತಿತ್ತು. ಅದು ನಡೆಯುತ್ತಾ?"

"ನಡೆಯುತ್ತೆ. ಪೂರ್ತಿ ಬರೀರಿ."

ಬರೆದ. ಅವಳು ಇಸವಿ ಕೇಳಿದಳು, ಎಷ್ಟು ಕೊಳ ಎಂದು ಕೇಳಿದಳು, ಎಲ್ಲವನ್ನೂ ಸೇರಿಸಿದ. ಮೀನು ಸಾಕಿದವರ ತಪ್ಪೂ ಇದ್ದರೆ ಅಂಕ ಸಿಗುವುದಿಲ್ಲ, ಅದರ ಬಗ್ಗೆಯೂ ಒಂದು ಸಾಲು ಬೇಕು ಎಂದಳು. ಆ ನಿಯಮವೂ ನಿಜದ್ದೇ. ಅವನು ನಕ್ಕ.

"ಅವಳದೇನು ತಪ್ಪು, ಪಾಪ. ನಮ್ಮ ಗುಂಡಿಯದೇ."

ಮೂವತ್ತೊಂದು ವರ್ಷದ ಸುಳ್ಳಿಗಿಂತ ಆ 'ಪಾಪ' ಅವಳನ್ನು ಹೆಚ್ಚು ಸುಟ್ಟಿತು. ಎಲ್ಲವೂ ಗೊತ್ತಿತ್ತು ಇವನಿಗೆ. ಹದಿನೈದು ಅಂಕಕ್ಕೆ ಸಲೀಸಾಗಿ ಹೊರಬಂದ ಮಾತು ಅಂದು ಒಬ್ಬ ಹೆಂಗಸಿನ ಬದುಕಿಗಾಗಿ ಹೊರಬಂದಿರಲಿಲ್ಲ.

ಆ ಹೆಂಗಸು ಇನ್ನೂ ಇದ್ದಾಳೆಯೇ ಎಂದು ಕೇಳಿದ. ಇದ್ದಾರೆ, ಸಂಜೆ ಐದರ ಮೇಲೆ ಹೋಗಿ ಎಂದು ಟೇಪಕ್ಕ ಚೀಟಿಯಲ್ಲಿ ತನ್ನದೇ ಮನೆಯ ವಿಳಾಸವನ್ನು ಅಚ್ಚುಕಟ್ಟಾಗಿ ಬರೆದುಕೊಟ್ಟಳು. ಅವನು ಹೋದಮೇಲೆ ಮೇಲಧಿಕಾರಿಯ ಬಳಿ ಹೋಗಿ, ಹಾನಿಗೊಳಗಾದವರು ನನ್ನ ತಾಯಿ, ಅಂಕ ಬೇರೆಯವರು ಹಾಕಲಿ ಎಂದಳು. ಅಂಕ ನಾನು ಹಾಕುತ್ತೇನೆ, ಅಳತೆಗೆ ನೀನಲ್ಲದೆ ಇಲ್ಲಿ ಇನ್ಯಾರಿದ್ದಾರೆ ಎಂದ ಮೇಲಧಿಕಾರಿ. ಮನೆಗೆ ಬಂದು ಅಮ್ಮನಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಸಹಿ ಹಾಕದಿದ್ದರೆ ಅವನಿಗೆ ಬಿಡಿಗಾಸೂ ಸಿಗುವುದಿಲ್ಲ ಎಂಬುದನ್ನು ಎರಡು ಸಲ ಹೇಳಿದಳು. ಅಮ್ಮ ಮೊಮ್ಮಗಳ ಅಂಗಿಗೆ ಗುಂಡಿ ಹೊಲಿಯುತ್ತಿದ್ದವಳು ದಾರ ಕಚ್ಚಿ ತುಂಡರಿಸಿದಳು.

ಮರುದಿನ ಸಂಜೆ ಇಸ್ತ್ರಿ ಅಂಗಿ ತೊಟ್ಟು ಬಂದ ಯಜಮಾನ ಬಾಗಿಲು ತೆರೆದವಳನ್ನು ನೋಡಿದ, ಚೀಟಿ ನೋಡಿದ, ಮತ್ತೆ ಅವಳನ್ನು ನೋಡಿದ. ಇದು ನಮ್ಮ ಮನೆ, ಒಳಗೆ ಬನ್ನಿ, ಅಮ್ಮ ಕಾಯ್ತಿದ್ದಾರೆ ಎಂದಳು ಅವಳು. ಕಚೇರಿಯಲ್ಲಿ ಹತ್ತದಿದ್ದ ಗುರುತು ಹೊಸಿಲಲ್ಲಿ ಹತ್ತಿತು. ತಿರುಗಿ ಹೋಗಬಹುದಿತ್ತು, ಹದಿನೈದು ಅಂಕ ಅವನನ್ನು ಒಳಗೆ ನೂಕಿತು.

ಅಮ್ಮ ಬೀದಿಯ ಕಿಟಕಿಯ ಎರಡೂ ಬಾಗಿಲು ತೆರೆದು ಪಕ್ಕದಲ್ಲೇ ಕೂತಿದ್ದಳು. ಎದುರಿಗೆ ದರ್ಜಿ ಅಂಗಡಿ, ಅಲ್ಲಿ ಐದಾರು ಜನ. ಓದು ಎಂದಳು. ಅವನು ಗೊಣಗುವ ಹಾಗೆ ಓದಿದ. ಕೇಳಿಸಲಿಲ್ಲ ಎಂದಳು. ಎರಡನೇ ಸಲ ಓದಿದ. ಕಿವಿ ಮಂದ, ಕಿಟಕಿ ಕಡೆ ತಿರುಗಿ ಓದು, ಅಲ್ಲಿ ಬೆಳಕೂ ಇದೆ ಎಂದಳು. ಪಕ್ಕದ ಮನೆಯಲ್ಲಿ ಚಮಚ ಬಿದ್ದರೆ ಇಲ್ಲಿಂದಲೇ ಲೆಕ್ಕ ಹೇಳುವ ಕಿವಿ ಅದು. ಮಗಳು ತುಟಿ ಕಚ್ಚಿಕೊಂಡು ಗೋಡೆಗೆ ಒರಗಿ ನಿಂತಳು. ಮೂರನೇ ಸಲಕ್ಕೆ ದರ್ಜಿಯ ಮಿಷನ್ ನಿಂತಿತು.

"ಸಾಕಿದವರದು ಏನೂ ತಪ್ಪಿಲ್ಲ ಅಂತ ಇದೆಯಲ್ಲ," ಎಂದಳು ಅಮ್ಮ. "ಆ ಸಾಲು ಇನ್ನೊಂದ್ಸಲ."

ಅದನ್ನೂ ಓದಿದ. ಹಳೆಯದನ್ನೆಲ್ಲ ಮನಸ್ಸಲ್ಲಿ ಇಟ್ಕೋಬೇಡಮ್ಮ ಎಂದ.

"ನಾನೆಲ್ಲಿ ಇಟ್ಕೊಂಡಿದ್ದೆ? ನೀನೇ ಬರ್ಕೊಂಡು ತಂದಿದೀಯ."

ಟೇಪಕ್ಕ ಕಾಯುತ್ತಿದ್ದ ಗಳಿಗೆ ಇದೇ. ಈಗ ಅಮ್ಮ ಕಾಗದವನ್ನು ಅವನ ಕಡೆ ತಳ್ಳುತ್ತಾಳೆ, ಅವನು ಬೀದಿಯವರ ಕಣ್ಣೆದುರೇ ಬರಿಗೈಯಲ್ಲಿ ಹೋಗುತ್ತಾನೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಆದರೆ ಅಮ್ಮ ಮಗಳ ಕಡೆ ತಿರುಗಿದಳು.

"ಸಹಿ ಹಾಕದಿದ್ರೆ?"

"ಗುಂಡಿ ಹಾಗೇ ಇರುತ್ತೆ. ಅವರನ್ನ ಯಾರೂ ಕೇಳೋ ಹಾಗಿಲ್ಲ."

"ಹಾಕಿದ್ರೆ?"

"ಹತ್ತು ವರ್ಷದ ಕರಾರು. ವರ್ಷಕ್ಕೆ ನಾಲ್ಕು ಸಲ, ಹೇಳದೆ ಕೇಳದೆ ಹೋಗಿ ನೋಡಬಹುದು. ತಪ್ಪಿದ್ರೆ ತಗೊಂಡಿದ್ದೆಲ್ಲ ವಾಪಸ್."

"ಹೋಗಿ ನೋಡೋರು ಯಾರು?"

"ನಾನೇ."

"ನಾನೂ ಬರಬಹುದಾ?"

ಹಾನಿಗೊಳಗಾದವರು ಜೊತೆಗೆ ಬರಬಹುದು ಎಂದು ನಿಯಮದಲ್ಲಿತ್ತು. ಇಷ್ಟು ವರ್ಷದಲ್ಲಿ ಯಾರೂ ಬಂದಿರಲಿಲ್ಲ. ಬರಬಹುದು ಎಂದಳು ಮಗಳು. ಅಮ್ಮ ಪೆನ್ನಿಗೆ ಕೈ ಚಾಚಿದಳು. ಒಂದೊಂದೇ ಅಕ್ಷರ ಕೂಡಿಸಿ ನಿಧಾನವಾಗಿ ಸಹಿ ಹಾಕಿದಳು. ತಾನು ಇಷ್ಟು ವರ್ಷ ಸಾಕಿದ ದ್ವೇಷ ಅಮ್ಮನ ಮುಂದೆ ಮೊಣಕಾಲೆತ್ತರವೂ ಇಲ್ಲವೆಂದು ಟೇಪಕ್ಕನಿಗೆ ಆಗ ಗೊತ್ತಾಯಿತು. ಮಗಳು ಅವನನ್ನು ಒಂದು ಸಂಜೆ ಸೋಲಿಸಲು ಹೊರಟಿದ್ದಳು. ಅಮ್ಮ ಹತ್ತು ವರ್ಷಕ್ಕೆ ಹಿಡಿದಿದ್ದಳು.

ಅರ್ಜಿ ಮಂಜೂರಾಯಿತು. ಗುಂಡಿಗೆ ಗಾರೆಯಾಯಿತು, ಚಾವಣಿ ಬಂತು. ನಿಯಮದಲ್ಲಿ ಹುಲ್ಲಿನ ಪಟ್ಟಿ ಇಪ್ಪತ್ತರಿಂದ ಐವತ್ತು ಅಡಿ ಎಂದಿದೆ. ಇಳಿಜಾರು ಅಳೆದು ನೋಡಿದ ಟೇಪಕ್ಕ ಐವತ್ತು ಬರೆದಳು. ಅವನ ಒಳ್ಳೆಯ ಮೇವಿನ ಜಮೀನು ಅಷ್ಟೂ ದಂಡೆಗೆ ಹೋಯಿತು. ಮೇಲಿನ ಕಚೇರಿಯವರು ಬಂದು ಮತ್ತೆ ಅಳೆದರು, ಐವತ್ತೇ ಸರಿ ಎಂದರು. ದರ್ಜಿ ಅಂಗಡಿಯಿಂದ ಹೊರಟ ಸುದ್ದಿ ಕೊಟ್ಟಿಗೆಯ ಆಳುಗಳವರೆಗೂ ಮುಟ್ಟಿತು. ಹಳೆಯ ಅಡ್ಡಹೆಸರು ಅಮ್ಮನನ್ನು ಬಿಟ್ಟುಹೋಯಿತು.

ಕರಾರಾಗಿ ಈಗ ಎರಡು ವರ್ಷ. ಮಳೆಯಿರಲಿ, ಬಿಸಿಲಿರಲಿ, ಪರಿಶೀಲನೆಯ ದಿನ ಅಮ್ಮ ರಬ್ಬರ್ ಬೂಟು ಹಾಕಿಕೊಂಡು ಮಗಳಿಗಿಂತ ಮೊದಲೇ ಬಾಗಿಲಲ್ಲಿ ನಿಂತಿರುತ್ತಾಳೆ. ಕೊಟ್ಟಿಗೆಯಲ್ಲಿ ಅವಳಿಗೆ ಕುರ್ಚಿ ಬೇಕು. ಆಳು ತಂದರೆ ಕೂರುವುದಿಲ್ಲ. ಯಜಮಾನನೇ ತಂದು ದಂಡೆಯ ಮೇಲೆ ಹಾಕಬೇಕು. ಅಲ್ಲಿ ಕೂತು, ಮಗಳು ಟೇಪು ಹಿಡಿದು ತಿರುಗುವುದನ್ನು ನೋಡುತ್ತಾಳೆ.

ಮೊನ್ನೆ ಎಂಟನೇ ಪರಿಶೀಲನೆ. ಬೇಲಿಯ ಒಂದು ಕಂಬ ಬೆರಳಷ್ಟು ವಾಲಿತ್ತು. ದನ ಉಜ್ಜಿರಬೇಕು. ನಾಳೆ ಆಳಿನಿಂದ ಸರಿ ಮಾಡಿಸುತ್ತೇನೆ ಎಂದ ಯಜಮಾನ. ಟೇಪಕ್ಕ ಪುಸ್ತಕದಲ್ಲಿ ಬರೆದುಕೊಂಡಳು. ಅಮ್ಮ ಕುರ್ಚಿಯಿಂದ ಏಳಲಿಲ್ಲ. ನೆರಳು ಸರಿಯಿತು, ಅವಳು ಸರಿಯಲಿಲ್ಲ. ಕೊನೆಗೆ ಅವನೇ ಗುದ್ದಲಿ ತಂದು, ಬುಡ ಬಿಡಿಸಿ, ಕಂಬ ನೆಟ್ಟಗೆ ಮಾಡಿ, ಕಲ್ಲು ಜಡಿದು ಮಣ್ಣು ತುಳಿದ. ಏದುಸಿರು ಬಿಡುತ್ತಾ ಬೇಲಿ ಹಿಡಿದು ನಿಂತ.

"ಆರೋಗ್ಯ ನೋಡ್ಕೋ," ಎಂದಳು ಅಮ್ಮ. "ಇನ್ನೂ ಮೂವತ್ತೆರಡು ಸಲ ಬರೋದಿದೆ."

ಅವನು ಅವಳ ಮುಖ ನೋಡಲಿಲ್ಲ. ಕುರ್ಚಿ ಎತ್ತಿಕೊಳ್ಳಲು ಬಾಗಿದ. ಅವಳು ಇನ್ನೂ ಅದರ ಮೇಲೆಯೇ ಕೂತಿದ್ದಳು.